ಸೋತ ಕೋಚ್‌ಗೆ, ಕಪ್ ಗೆದ್ದ ಮಗಳಿಂದ

ಅಪ್ಪಾ,

ನೀವು ಬೇಕರಿಯಿಂದ ಬಂದು ಮಲಗಿದ್ದಿರಿ, ಎಬ್ಬಿಸಲಿಲ್ಲ. ಪ್ರೆಸ್ಸಿಗೆ ಹೊರಟೆ.

ನಿನ್ನೆ ನಮ್ಮ ಪ್ರೆಸ್ ತಂಡ ಗೆದ್ದ ಫುಟ್‌ಬಾಲ್ ಕಪ್ ಫ್ರಿಜ್ ಮೇಲಿದೆ. ಹಾಲು ತೆಗೆಯುವಾಗಲೆಲ್ಲ ಕಣ್ಣಿಗೆ ಬೀಳಲಿ ಅಂತಲೇ ಅಲ್ಲಿಟ್ಟಿದ್ದೇನೆ, ಟವೆಲ್ ಮುಚ್ಚಬೇಡಿ.

ಮಾತ್ರೆ ತಿಂಡಿ ಆದಮೇಲೆ. ಹನ್ನೊಂದಕ್ಕೆ ಗ್ಯಾಸಿನವನು ಬರುತ್ತಾನೆ. ಅವನೂ ನಿಮ್ಮ ಬೇಕರಿ ತಂಡದ ಕಡೆಯವನೇ, ಇಬ್ಬರೂ ಕೂತು ರೆಫರಿಯನ್ನು ಬೈದುಕೊಳ್ಳಿ.

ನಿನ್ನೆಯಿಂದ ಮುಖ ಊದಿಸಿಕೊಂಡಿದ್ದೀರಲ್ಲ, ಒಂದು ವಿಷಯ ಹೇಳಿಬಿಡುತ್ತೇನೆ. ಮ್ಯಾಚ್ ಮುಗಿದ ಮೇಲೆ ನಿಮ್ಮ ಗೋಲ್‌ಕೀಪರ್ ನನ್ನ ಹತ್ತಿರ ಬಂದು ಗೋಳಾಡಿದಳು: "ನೀನು ಪೆನಾಲ್ಟಿ ಯಾವಾಗ್ಲೂ ಎಡಗಡೆ ಮೂಲೆಗೇ ಹೊಡೀತೀಯ ಅಂತ ನಿಮ್ಮಪ್ಪ ಹೇಳಿದ್ರು ಕಣೇ. ನಂಬಿ ಆ ಕಡೆಗೇ ಹಾರಿದೆ."

ಹಿತ್ತಿಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೋಲು ಬರೆದು ನನಗೆ ಒದೆಯಲು ಕಲಿಸಿದವರು ನೀವು. ಆ ಮೂಲೆಯ ಗುಟ್ಟು ನಿಮ್ಮೊಬ್ಬರಿಗೇ ಗೊತ್ತಿತ್ತು. ಮಗಳು ಅಂತ ನೀವು ನಿಮ್ಮ ತಂಡಕ್ಕೆ ಮೋಸ ಮಾಡುವವರಲ್ಲ, ಹೇಳೇ ಹೇಳುತ್ತೀರಿ ಅಂತ ನನಗೂ ಗೊತ್ತಿತ್ತು. ಅದಕ್ಕೇ ಹುಟ್ಟಿದಾಗಿನಿಂದ ಮೊದಲ ಸಲ ಬಲಕ್ಕೆ ಒದ್ದೆ.

ಇನ್ನೊಂದು. ಬೆಳಿಗ್ಗೆ ಕಪ್ಪಿನ ಎರಡೂ ಹಿಡಿಯ ಮೇಲೆ ಮೈದಾ ಹಿಟ್ಟಿನ ಬೆರಳಚ್ಚು ಇತ್ತು. ನಾನು ಒರೆಸಿಲ್ಲ.