ಉಯ್ಯಾಲೆಯ ಸೀರೆ

ಪಿರಿಯಾಪಟ್ಟಣ
ಆಗಸ್ಟ್ 2004

ಅತ್ತೆಯವರಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ಲೋಹಿತನಿಗೆ ಮಾತು ಬರಲಿ ಎಂದು ನೀವು ಕಟ್ಟೆಮಳಲವಾಡಿಯಿಂದ ಕಳಿಸಿದ ಬಜೆ ತಲುಪಿತು. ತೇಯ್ದು ಅವನ ನಾಲಿಗೆಗೆ ಹಚ್ಚಲಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಇದು ಆಟಿಸಂ, ನಾಲಿಗೆಯ ದೋಷವಲ್ಲ ಎಂದು ಮೈಸೂರಿನ ಡಾಕ್ಟರಮ್ಮ ಹೇಳಿದರು. ಮನೆಯಲ್ಲೇ ಆಡಿಸುತ್ತಾ ಕಲಿಸುವುದನ್ನು ನನಗೇ ಹೇಳಿಕೊಟ್ಟರು. ಮಗುವಿಗೆ ಇಷ್ಟವಾದದ್ದನ್ನು ಶುರು ಮಾಡಿ, ನಡುವೆ ನಿಲ್ಲಿಸಿ, ಅವನು ಕೇಳಲಿ ಎಂದು ಕಾಯಬೇಕಂತೆ.

ಅವನಿಗೆ ಇಷ್ಟವಾದದ್ದು ನೀವು ತೊಲೆಗೆ ಕಟ್ಟಿಕೊಟ್ಟ ಸೀರೆಯ ಉಯ್ಯಾಲೆ. ತೂಗಿ, ಹಿಡಿದು ನಿಲ್ಲಿಸಿ, ಎದುರಿಗೆ ಕೂರುತ್ತಿದ್ದೆ. "ಮಗೀನ ಯಾಕಮ್ಮಿ ಅಂಗೆ ಗೋಳುಯ್ಕೋತೀಯ, ತೂಗು" ಎಂದು ಕಳೆದ ಸಲ ನೀವು ಬೈದಿರಿ. ತಿಂಗಳುಗಟ್ಟಲೆ ಅವನು ಗೋಡೆಯನ್ನೇ ನೋಡಿದ. ಮೊನ್ನೆ ನನ್ನ ಮುಖ ನೋಡಿ, ಉಯ್ಯಾಲೆ ತೂಗು ಎನ್ನುವಂತೆ "ಊ" ಅಂದ.

ಆದ್ದರಿಂದ ಅವನನ್ನು ಎಲ್ಲಾದರೂ ಹಾಸ್ಟೆಲ್ಲಿಗೆ ಸೇರಿಸು ಎಂದು ನೀವು ಹೇಳುತ್ತಿದ್ದ ಮಾತು ಇನ್ನು ಬೇಡ. ನಾನು ಕಳಿಸುವುದಿಲ್ಲ.

ತಂಬಾಕು ಹದ ಮಾಡುವ ಕೆಲಸ ಮುಗಿದ ಮೇಲೆ ಬನ್ನಿ. ನೀವೂ ತೂಗಿ, ನಿಲ್ಲಿಸಿ, ಅವನು ನಿಮ್ಮನ್ನು ನೋಡುವ ತನಕ ಕಾಯಿರಿ. ಬರುವಾಗ ನಿಮ್ಮದೊಂದು ಗಟ್ಟಿ ಸೀರೆ ತನ್ನಿ. ಈಗ ಬಿಡದೆ ಕೇಳುತ್ತಾನೆ, ಹಳೆಯದು ಹರಿದುಹೋಯಿತು.

ನಿಮ್ಮ ಸೊಸೆ,
ಪ್ರಮೀಳಾ