ಮುದಿ ಇಲಿಯ ಸ್ನಾಯು

ಮೂಡುಬಿದಿರೆ, ೧೯೯೮

ಉಮ್ಮಾ,

ನೀನಿದ್ದಾಗಲೂ ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಈಗಂತೂ ಧೈರ್ಯವಾಗಿ ಬರೆಯಬಹುದು.

ಇವತ್ತು ತರಗತಿಯಲ್ಲಿ ಸ್ನಾಯುವಿನ ಪಾಠವಿತ್ತು. ಸ್ನಾಯುವಿನ ಎಳೆಗಳ ಮಗ್ಗುಲಲ್ಲಿ ಆಕರಕೋಶಗಳು ಮಲಗಿರುತ್ತವೆ, ಪೆಟ್ಟಾದರೆ ಎದ್ದು ಹೊಸ ಎಳೆ ಕಟ್ಟುತ್ತವೆ ಎಂದೆ. ಮುದಿ ಇಲಿಯ ಸ್ನಾಯುವನ್ನು ಎಳೆಯ ಇಲಿಗೆ ಕಸಿ ಮಾಡಿದರೆ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ, ಎಳೆಯದನ್ನು ಮುದಿ ಇಲಿಗೆ ಹಾಕಿದರೆ ಸೊರಗುತ್ತದೆ ಎಂದೂ ಹೇಳಿದೆ.

ಮುಂದಿನ ಬೆಂಚಿನ ಶರಣ್ಯಾ ಎದ್ದು ನಿಂತಳು. "ಹಾಗಾದ್ರೆ ಮುದಿ ಕೋಶಕ್ಕೂ ಶಕ್ತಿ ಉಂಟಲ್ಲ ಮೇಡಂ? ಸುತ್ತಮುತ್ತ ಸರಿ ಇಲ್ಲದಿದ್ರೆ ಏಳುದಿಲ್ಲ, ಅಷ್ಟೇ ಅಲ್ವಾ?"

"ಹೌದು, ಕೂತ್ಕೊ" ಎಂದು ಗದರಿಸಿಬಿಟ್ಟೆ. ಪಾಪ, ಅವಳದೇನು ತಪ್ಪು.

ಬಿದ್ದು ಕೈ ಮುರಿದುಕೊಂಡ ನಿನ್ನನ್ನು ಮಡಂತ್ಯಾರಿನಿಂದ ಇಲ್ಲಿಗೆ ಕರೆತಂದವಳು ನಾನು. ಪ್ಲಾಸ್ಟರ್ ಬಿಚ್ಚಿದ ಮೇಲೂ ನಿನ್ನ ಬೀಡಿ ಕಟ್ಟುವ ಗೆರಸೆ ಅಟ್ಟದಲ್ಲೇ ಇತ್ತು. ಮಂಚ, ಫ್ಯಾನು, ಮೂಸಂಬಿ, ಎಲ್ಲ ಕೊಟ್ಟಿದ್ದೆ.

"ಊರಿಗೆ, ಪಾತುಮ್ಮನ ಜಗಲಿಗೆ ಒಮ್ಮೆ ಹೋಗುವ ಮಗಳೇ. ಎಲ್ಲರೊಟ್ಟಿಗೆ ಬೀಡಿ ಕಟ್ಲಿಕ್ಕೆ ಕೂತ್ರೆ ಬೆರಳು ತನ್ನಷ್ಟಕ್ಕೇ ಆಡ್ತದೆ" ಎಂದು ನೀನು ಕೇಳುತ್ತಲೇ ಇದ್ದೆ.

ನಾನು ಪ್ರತಿ ಸಲವೂ ಮೂಸಂಬಿ ಸುಲಿಯುತ್ತಾ ಅದೇ ಉತ್ತರ ಕೊಡುತ್ತಿದ್ದೆ:

"ಮೊದಲು ಕೈ ಸರಿಯಾಗಲಿ ಉಮ್ಮಾ, ಮತ್ತೆ ಹೋಗುವ."

ನಿನ್ನ
ಮಿಸ್ರಿಯಾ