ಸಾಲಿನಲ್ಲಿ ಜಾಗ ಸಿಗದ ಎಚ್ಚರಿಕೆ

ಪ್ರೋಗ್ರಾಮಿಂಗ್ ಭಾಷೆಯೊಂದರ ಹೊಟ್ಟೆಯಲ್ಲಿ ಎಷ್ಟು ಹಿಡಿಯಬೇಕೆಂದು ತೀರ್ಮಾನಿಸುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ಭಾಷೆ ಒಂದು ಎಚ್ಚರಿಕೆಯನ್ನು ಎಸೆದುಬಿಟ್ಟಿತು. ಎಸೆದದ್ದನ್ನು ಯಾರಿಗೂ ಹೇಳಲಿಲ್ಲ. ಬಾಳೂರಿನ ಬೆಳ್ಳಿಯಪ್ಪನವರು ಈಗಿಲ್ಲ.

ನಾನು ಮತ್ತು ಸಹೋದ್ಯೋಗಿ ಹರ್ಷವರ್ಧನ ಮೂಡಿಗೆರೆಯಲ್ಲಿ ಪುಟ್ಟ ಸಾಫ್ಟ್‌ವೇರ್ ಕಚೇರಿ ನಡೆಸುತ್ತೇವೆ. ಕುಸಿಯುವ ಭಯವಿರುವ ಗುಡ್ಡಗಳಲ್ಲಿ ಸೆನ್ಸರ್ ಹೂತು, ಮಣ್ಣು ಸರಿದರೆ ಕೆಳಗಿನ ಮನೆಯವರ ಮೊಬೈಲ್ ಬಡಿದುಕೊಳ್ಳುವಂತೆ ಮಾಡಿದ್ದೆವು. ಪ್ರೋಗ್ರಾಮ್ ಬರೆದದ್ದು ನಿಮ್ಮ ಭಾಷೆಯಲ್ಲಿ. ಬಂದ ಸಂದೇಶಗಳನ್ನು ಅದು ತನ್ನೊಳಗೆ ಸಾಲಾಗಿ ನಿಲ್ಲಿಸಿಕೊಂಡು ಒಂದೊಂದಾಗಿ ನಮಗೆ ಕೊಡುತ್ತದೆ. ಆ ಸಾಲಿಗೆ ನೀವೊಂದು ಮಿತಿ ಹಾಕಿದ್ದೀರಿ, ಸಾಲು ತುಂಬಿದ ಮೇಲೆ ಬಂದದ್ದು ಸದ್ದಿಲ್ಲದೆ ಕಸಕ್ಕೆ ಹೋಗುತ್ತದೆ ಎಂದು ನಿಮ್ಮ ಕೈಪಿಡಿಯಲ್ಲಿ ಒಂದಕ್ಷರವೂ ಇರಲಿಲ್ಲ.

ಕಳೆದ ಆಷಾಢದ ಒಂದು ಮಧ್ಯಾಹ್ನ ಮಳೆಗೆ ಗುಡ್ಡಗಳೆಲ್ಲ ಒಟ್ಟಿಗೆ ಅಲುಗಾಡಿದವು, ಸೆನ್ಸರ್‌ಗಳೆಲ್ಲ ಒಮ್ಮೆಲೇ ಸಂದೇಶ ಕಳಿಸಿದವು. ಕೊಟ್ಟಿಗೆಹಾರದ ಕಡೆ ಮೊಬೈಲ್‌ಗಳು ಬಡಿದುಕೊಂಡವು, ಜನ ಹೊರಗೋಡಿ ಬದುಕಿದರು. ಬೆಳ್ಳಿಯಪ್ಪನವರೂ ಮಳೆಗೆ ಹೆದರಿ ಹೆಂಡತಿ ತಂಗಮ್ಮನವರೊಡನೆ ರಸ್ತೆಗೆ ಬಂದಿದ್ದರು. ಆಮೇಲೆ ಮೊಬೈಲ್ ನೋಡಿದರು.

“ಇದು ಸುಮ್ನೆ ಇದೆ ಮಾರಾಯ್ತಿ, ನಮ್ಮ ಗುಡ್ಡಕ್ಕೇನೂ ಆಗಿಲ್ಲ. ದನ ಬಿಚ್ಚಿ ಬಂದ್ಬಿಡ್ತೀನಿ” ಎಂದು ಕೊಟ್ಟಿಗೆಗೆ ಹೋದರು. ತಂಗಮ್ಮನವರ ಕಣ್ಣೆದುರೇ ಗುಡ್ಡ ಇಳಿಯಿತು.

ತಿಥಿ ಕಳೆದ ಮೇಲೆ ಅವರು ನಮ್ಮ ಕಚೇರಿಗೆ ಬಂದರು. “ಮಿಷಿನ್ನಿಗೆ ನಮ್ಮ ಗುಡ್ಡ ಕಾಣ್ಲಿಲ್ವಾ ಮಗಾ?”

ಅಷ್ಟರಲ್ಲಿ ನಾವು ಸರ್ವರಿನ ದಾಖಲೆಯಲ್ಲಿ ಉಳಿದಿದ್ದ ಆ ದಿನದ ಸಂದೇಶಗಳನ್ನು ಪ್ರೋಗ್ರಾಮಿನಲ್ಲಿ ಮತ್ತೆ ಓಡಿಸಿ ನೋಡಿದ್ದೆವು. ಹರ್ಷವರ್ಧನ ತಲೆತಗ್ಗಿಸಿಯೇ ಹೇಳಿದ: “ಕಂಡಿತ್ತಮ್ಮ. ಒಳಗೆ ಜಾಗ ಇರ್ಲಿಲ್ಲ.”

“ಜಾಗ ಇಲ್ಲ ಅಂತನಾದ್ರೂ ಹೇಳ್ಬೋದಿತ್ತಲ್ಲ?”

ಮಾನ್ಯರೇ, ಇದೇ ಪ್ರಶ್ನೆಯನ್ನು ನಿಮಗೂ ಕಳಿಸಿದೆವು. ಭಾಷೆ ಸರಳವಾಗಿ, ಸುರಕ್ಷಿತವಾಗಿ ಇರಲೆಂದೇ ಮಿತಿ ಇಟ್ಟಿರುವುದಾಗಿಯೂ, ಸಾಮಾನ್ಯ ಬಳಕೆಗೆ ಅದು ಧಾರಾಳವೆಂದೂ ತಾವು ಉತ್ತರಿಸಿದಿರಿ. ಎಂಥ ಔದಾರ್ಯ! ಸಾಮಾನ್ಯ ಎಂದರೆ ಯಾವ ಊರಿನ ಸಾಮಾನ್ಯ? ಬಿಸಿಲಿರುವಾಗ ನಮಗೆ ಎಚ್ಚರಿಕೆ ಏತಕ್ಕೆ ಬೇಕು?

ಮಿತಿಯೇ ಬೇಡವೆಂಬ ಹಟ ನನಗಿಲ್ಲ. ಕೆಟ್ಟ ಸೆನ್ಸರ್ ಒಂದೇ ಬಡಬಡಿಸಿ ಕಂಪ್ಯೂಟರಿನ ಮೆಮೊರಿಯನ್ನೆಲ್ಲ ನುಂಗಿದರೆ ಇಡೀ ವ್ಯವಸ್ಥೆ ನಿಲ್ಲುತ್ತದೆ, ಬಲ್ಲೆ. ಆದರೆ ಎಷ್ಟು ಸಾಕು ಎನ್ನುವುದನ್ನು ನಮ್ಮ ಮಳೆ ಕಾಣದವರು ನಾವು ಬದಲಿಸಲಾಗದಂತೆ ಒಳಗೇ ಬೀಗ ಹಾಕಿಟ್ಟರೆ ಅದು ಯಾರ ಸುರಕ್ಷತೆ?

ಈಗ ಮಳೆ ಬಿರುಸಾದರೆ ಹರ್ಷವರ್ಧನ ಮನೆಮನೆಗೆ ತಾನೇ ಫೋನ್ ಮಾಡುತ್ತಾನೆ. ಬೆಳ್ಳಿಯಪ್ಪನವರ ನಂಬರಿಗೂ ಮಾಡುತ್ತಾನೆ. ಸ್ವಿಚ್ ಆಫ್ ಎನ್ನುವ ಹೆಣ್ಣುಧ್ವನಿ ಮುಗಿಯುವ ತನಕ ಕಿವಿಯಿಂದ ತೆಗೆಯುವುದಿಲ್ಲ. ನಾನೂ ಬೇಡವೆನ್ನುವುದಿಲ್ಲ.

ಮಿತಿಯನ್ನು ನಿರ್ಧರಿಸುವ ಹಕ್ಕು ಬಳಸುವವರಿಗೆ ಕೊಡಿ. ಮಿತಿ ಮುಟ್ಟಿದಾಗ ಭಾಷೆ ಕೂಗಿ ಹೇಳಲಿ. ಮುಂದಿನ ಮುಂಗಾರಿನೊಳಗೆ ಇದಾಗಬೇಕು. ಆಗದಿದ್ದರೆ ತಂಗಮ್ಮನವರಿಗೆ ಉತ್ತರ ಹೇಳಲು ಬಾಳೂರಿಗೆ ಖುದ್ದಾಗಿ ಬನ್ನಿ. ಬಸ್‌ಸ್ಟ್ಯಾಂಡಿನಿಂದ ನಾನೇ ಕರೆದೊಯ್ಯುತ್ತೇನೆ.

ಇಂತಿ,
ನಿಮ್ಮ ಭಾಷೆಯನ್ನು ಚೆನ್ನಾಗಿ ಬಲ್ಲ, ಇನ್ನು ನಂಬಲಾರದ
ಪ್ರೇಮಕುಮಾರಿ
ಮೂಡಿಗೆರೆ